ಬಿಳಿ ಬಣ್ಣದ ಬೆರಳು

"ಆಟ ಮುಗಿದು ತಿಂಗಳಾಯ್ತು, ಈಗ್ಯಾಕೋ ಬಣ್ಣ? ಮದುವೆ ಹೆಣ್ಣೇನು ನೀನು?" ಎನ್ನುತ್ತಲೇ ಲವಾನ್ ಗಂಡನ ಬಲಗೈಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಸಿ ಉಗುರುಗಳಿಗೆ ಬಿಳಿ ಬಣ್ಣ ಹಚ್ಚಿದಳು.

ವರ್ನನ್ ನಕ್ಕ. ಬೇಸ್‌ಬಾಲ್‌ನಲ್ಲಿ ಎಸೆದ ಚೆಂಡು ಹಿಡಿಯುವ ಕ್ಯಾಚರ್ ಆದವನ ಪಾಡೇ ಅದು. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತೂ ಕೂತೂ ಅವನ ಮಂಡಿ ಸವೆದಿತ್ತು, ಚೆಂಡು ಬಡಿದೂ ಬಡಿದೂ ಬೆರಳುಗಳು ಶುಂಠಿಯ ಹಾಗೆ ಸೊಟ್ಟಗಾಗಿದ್ದವು. ಆದರೆ ತೊಡೆಗಳ ನಡುವೆ ಅವನು ತೋರಿಸುವ ಆ ಬೆರಳೇ ಎಸೆತಗಾರನಿಗೆ ಅಪ್ಪಣೆ. ಒಂದು ಬೆರಳೆಂದರೆ ನೇರ ಬಿರುಸಿನ ಚೆಂಡು, ಎರಡೆಂದರೆ ತಿರುವು. ಸಂಜೆಯ ನೆರಳಲ್ಲೂ ಕಾಣಲಿ ಎಂದೇ ಈ ಬಣ್ಣ. ಎಸೆತಗಾರನಿಗೆ ಒಪ್ಪಿಗೆಯಾಗದಿದ್ದರೆ ತಲೆಯನ್ನು ಅಡ್ಡಡ್ಡ ಆಡಿಸುತ್ತಾನೆ, ಕ್ಯಾಚರ್ ಬೆರಳು ಬದಲಿಸುತ್ತಾನೆ. ಈ ವರ್ಷವೆಲ್ಲ ಅವನ ತಂಡದ ತರುಣ ಎಸೆತಗಾರ ಕೋಲ್ಬಿ ಒಂದು ಸಲವೂ ಹಾಗೆ ಮಾಡಿರಲಿಲ್ಲ.

ಕಾನ್ಸಾಸ್ ಸಿಟಿಯ ತಂಡದೊಂದಿಗೆ ಇಬ್ಬರ ಕರಾರೂ ಒಟ್ಟಿಗೇ ಮುಗಿದಿತ್ತು. ಇನ್ನು ಯಾರು ಕರೆದರೆ ಅವರ ಕಡೆ ಹೋಗಬಹುದು. ಕೋಲ್ಬಿಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ವರ್ನನ್‌ನ ಫೋನು ಸತ್ತು ಬಿದ್ದಂತಿತ್ತು. ಇವತ್ತು ವರ್ಷದ ಅತ್ಯುತ್ತಮ ಎಸೆತಗಾರ ಯಾರೆಂದು ಟಿವಿಯಲ್ಲಿ ಹೇಳುವ ದಿನ. ಜೊತೆಗೆ ಕೂತು ನೋಡೋಣ ಬಾ ಎಂದು ಕೋಲ್ಬಿ ಮನೆಗೆ ಕರೆದಿದ್ದ. ಅದಕ್ಕೇ ಈ ಬಣ್ಣ.

"ನಾಚಿಕೆ ಬಿಟ್ಟು ಕೇಳು, ಎಲ್ಲಿಗೆ ಹೋದ್ರೂ ನನ್ನನ್ನೂ ಕರ್ಕೊಂಡು ಹೋಗಪ್ಪಾ ಅಂತ," ಲವಾನ್ ಉಗುರಿಗೆ ಉಫ್ ಎಂದು ಊದಿದಳು. "ಅಷ್ಟೊಂದು ಜನ ಪೇಪರ್‌ನೋರು ಓಟು ಹಾಕ್ತಾರೆ. ಆ ಚೆಂಡು ಹಿಡಿದೋನು ಯಾರು ಅಂತ ಒಬ್ಬನಾದ್ರೂ ಕೇಳ್ತಾನಾ? ಬಾಯಿದ್ದವನು ಬದುಕಿದ ಅನ್ನೋದು ಸುಮ್ನೆ ಅಲ್ಲ."

"ಕೇಳ್ತೀನಿ ಬಿಡೇ," ಎಂದ ವರ್ನನ್. ಕೇಳಲೆಂದೇ ಅವನು ಹೊರಟಿದ್ದ. ಇನ್ನೊಂದು ವರ್ಷ, ಒಂದೇ ಒಂದು ವರ್ಷ ಆಡಬೇಕೆಂಬ ಆಸೆ ಅವನನ್ನು ನಿದ್ದೆಗೂ ಬಿಡುತ್ತಿರಲಿಲ್ಲ.

ಕೋಲ್ಬಿಯ ಮನೆಯ ತುಂಬ ನೆಂಟರು, ಹೊಗೆಯಲ್ಲಿ ಬೆಂದ ಮಾಂಸದ ಘಮ, ಮೂಲೆಯಲ್ಲಿ ಟಿವಿಯವರ ಕ್ಯಾಮೆರಾ. ಟಿವಿಯಲ್ಲಿ ಕೋಲ್ಬಿಯ ಹೆಸರು ಬಂದದ್ದೇ ತಡ, ಮನೆ ಹಾರಿಹೋಗುವಂತೆ ಕೂಗೆದ್ದಿತು. ಕೋಲ್ಬಿ ವರ್ನನ್‌ನ ಕತ್ತಿಗೆ ತೋಳು ಹಾಕಿ ಕ್ಯಾಮೆರಾ ಮುಂದೆ ಎಳೆದುಕೊಂಡ. "ಓಟೆಲ್ಲಾ ಈ ಮುದುಕನಿಗೆ ಸೇರ್ಬೇಕು. ನನ್ನದು ಬರೀ ತೋಳು. ತಲೆ ಇವನದು!"

ಗದ್ದಲ ತಗ್ಗುವ ಮೊದಲೇ ಕೋಲ್ಬಿಯ ಏಜೆಂಟನ ಫೋನು ಬಂತು. ಕೋಲ್ಬಿ ವರ್ನನ್‌ನನ್ನೂ ಗ್ಯಾರೇಜಿಗೆ ಕರೆದೊಯ್ದು, ಬಾಗಿಲು ಹಾಕಿ, ಇಬ್ಬರಿಗೂ ಕೇಳುವಂತೆ ಫೋನನ್ನು ಕಾರಿನ ಮೇಲಿಟ್ಟ.

"ದೊಡ್ಡ ತಂಡ, ಏಳು ವರ್ಷದ ಕರಾರು ಕಣಪ್ಪಾ! ಈಗ್ಲೇ ಹೂಂ ಅಂದ್ರೆ ನಿಂದು. ಇಲ್ಲಾಂದ್ರೆ ಇನ್ನೊಬ್ಬನಿಗೆ ಕೊಡ್ತಾರಂತೆ, ಅವನೂ ಕಾಯ್ತಿದ್ದಾನೆ."

"ವರ್ನನ್ ವಿಷಯ?"

"ಕೇಳ್ದೆ. ಚೆಂಡು ಹಿಡಿಯೋಕೆ ಅವರಿಗೆ ಬೇರೆ ಹುಡುಗ ಇದ್ದಾನೆ, ಇವನು ಬೇಡವಂತೆ."

"ಹಾಗಾದ್ರೆ ನಂಗೂ ಬೇಡ ಅನ್ನು."

ವರ್ನನ್ ತಟ್ಟನೆ ತಲೆಯೆತ್ತಿದ. ತಾನು ಬಾಯಿ ಬಿಡುವ ಮೊದಲೇ ಹುಡುಗ ಕೇಳಿಬಿಟ್ಟಿದ್ದಾನೆ! ಸುಮ್ಮನಿದ್ದರೆ ಸಾಕು. ಹಟ ಹಿಡಿದರೆ ಆ ತಂಡದವರು ಬಗ್ಗಿದರೂ ಬಗ್ಗಿಯಾರು, ಹಿಂದೆ ಹಾಗೆ ಬಗ್ಗಿದವರಿದ್ದಾರೆ. ಆದರೆ ಕೋಲ್ಬಿ ಅಂಗಿಯ ತೋಳು ಮಡಿಸಿದ್ದ. ಮೊಣಕೈಯ ಮೇಲೆ ಆಪರೇಷನ್ನಿನ ಹೊಲಿಗೆಯ ಗೆರೆ ಜರಿಹುಳದಂತೆ ಎದ್ದು ಕಾಣುತ್ತಿತ್ತು. ಆ ತೋಳು ಕೈಕೊಟ್ಟ ದಿನ ಚೆಂಡು ಹಿಡಿದವನೂ ವರ್ನನ್ನೇ. ಇನ್ನೊಮ್ಮೆ ಹಾಗಾದರೆ ಈ ಬಹುಮಾನ ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಬೇಕು?

"ಹೇಳು ಮುದುಕಾ, ಏನ್ಮಾಡ್ಲಿ?" ಎಂದ ಕೋಲ್ಬಿ.

ಬಾಯಿ ತೆರೆದರೆ ಆಸೆಯೇ ಮಾತಾಡೀತೆಂದು ವರ್ನನ್‌ಗೆ ಭಯವಾಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಮಂಡಿಗಳು ಲಟಲಟ ಎನ್ನುತ್ತಿರಲು ಸಿಮೆಂಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ತೊಡೆಗಳ ನಡುವೆ ಒಂದೇ ಒಂದು ಬೆರಳು ತೋರಿಸಿದ. ನೇರ. ಬಿರುಸು. ಹಿಂದೆ ಮುಂದೆ ನೋಡಬೇಡ.

ಕೋಲ್ಬಿ ತಲೆಯನ್ನು ಅಡ್ಡಡ್ಡ ಆಡಿಸಿದ.

ವರ್ನನ್ ಬೆರಳು ಬದಲಿಸಲಿಲ್ಲ.

"ಏಯ್, ಇದ್ದೀಯೇನಯ್ಯಾ?" ಫೋನು ಕೂಗಿತು. ಕೋಲ್ಬಿಯ ಕಣ್ಣು ತುಂಬಿ ಬಂತು. ಮುಂಗೈಯಲ್ಲಿ ಮೂಗು ಒರೆಸಿಕೊಂಡು, ಆ ಬೆರಳನ್ನೇ ನೋಡುತ್ತ, ಕೊನೆಗೆ "ಹೂಂ" ಎಂದ.

ಮನೆಯಲ್ಲಿ ಲವಾನ್ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾಯ್ತೋ?"

"ತಲೆ ಅಡ್ಡ ಆಡಿಸಿದ ಕಣೇ. ಇದೇ ಮೊದಲ್ನೇ ಸಲ."

"ಅಯ್ಯೋ ಕೃತಘ್ನ! ಅವನಿಗೋಸ್ಕರ ಇಷ್ಟೆಲ್ಲ ಮಾಡಿ..."

"ಬೈಬೇಡ ಅವನ್ನ. ನೀನು ಬರದಿದ್ರೆ ನಾನೂ ಹೋಗಲ್ಲ ಅಂತ ಕೂತಿದ್ದ. ನಾನೇ ಹೋಗು ಅಂದೆ."

ಲವಾನ್ ಬಣ್ಣ ಅಳಿಸುವ ಬಾಟಲಿ, ಹತ್ತಿ ತಂದು ಮೇಜಿನ ಮುಂದೆ ಕೂತಳು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಉಗುರನ್ನು ಒರೆಸುತ್ತ ಬಂದಳು. ತೋರುಬೆರಳಿಗೆ ಬಂದಾಗ ವರ್ನನ್ ಕೈ ಹಿಂದಕ್ಕೆಳೆದುಕೊಂಡ.

"ಇದೊಂದು ಇರ್ಲಿ ಬಿಡು," ಎಂದ.