ಜವಳಿಗೆ ಬಂದ ಅಜ್ಜಿಯರು

ಷಡಕ್ಷರಿಯ ಜವಳಿ ಅಂಗಡಿಯಿಂದ ಸಂಸೆ ಊರಿನ ಮದುವೆ ಪಾರ್ಟಿಯೂ ಎದ್ದು ಹೊರಟಿತು. ಹುಡುಗಿ ಇನ್ನೂ ಒಂದು ರೇಷ್ಮೆ ಸೀರೆಯ ಸೆರಗು ಹಿಡಿದೇ ಇದ್ದಳು. ಅಜ್ಜಿ ದೇವೀರಮ್ಮ ಮಾತ್ರ “ಏಳ್ರೇ, ಲಕ್ಕಯ್ಯನ ಅಂಗಡಿಗೆ ಹೋಗಾಣ” ಎಂದು ಕೋಲೂರಿಕೊಂಡು ಹೊಸಿಲು ದಾಟಿಯಾಗಿತ್ತು. ಜವಳಿ ತೆಗೆಯುವಾಗ ಮೊದಲ ಸೀರೆ ಮುಟ್ಟಬೇಕಾದವರು ಮನೆಯ ಹಿರಿಯ ಹೆಂಗಸು. ಅವರು ಎದ್ದರೆ ಮಿಕ್ಕವರು ಕೂರುವ ಹಾಗಿಲ್ಲ.

ಷಡಕ್ಷರಿ ಹಲ್ಲು ಕಡಿದ. ಈ ತಿಂಗಳಲ್ಲಿ ಇದು ಏಳನೆಯದು. ಕಾಫಿಗೆ ಎಂದೂ ಇಲ್ಲದ ರೇಟು ಬಂದು ಊರೂರಲ್ಲಿ ಮದುವೆ ನಡೆಯುತ್ತಿದ್ದ ವರ್ಷ ಅದು. ಈ ಸೀಸನ್ನೂ ಕೈಬಿಟ್ಟರೆ ಅಂಗಡಿಗೆ ಬೀಗವೇ ಗತಿ. ಮೂಡಿಗೆರೆ ಪೇಟೆಯಲ್ಲಿ ಗೋಡೆ ತುಂಬ ಕನ್ನಡಿ ಹಾಕಿಸಿದವನು ಅವನೊಬ್ಬನೇ. ಅಷ್ಟು ಕನ್ನಡಿ ಇದ್ದರೂ ಒಮ್ಮೆಯೂ ಮುಖ ನೋಡಿಕೊಂಡವನಲ್ಲ ಆಸಾಮಿ! ಲಕ್ಕಯ್ಯನದೋ, ಅಂಗೈಯಗಲದ ಹಂಚಿನ ಗೂಡು, ಬಣ್ಣ ಬಿಡುವ ಸೀರೆ. ಅಲ್ಲೇನಿದೆ ಮಣ್ಣು?

ಷಡಕ್ಷರಿ ರೇಟು ಇಳಿಸಿದ. ಫ್ಯಾನು ಹಾಕಿಸಿದ. ಬಂದವರಿಗೆಲ್ಲ ದೊಡ್ಡ ಲೋಟದಲ್ಲಿ ಕಾಫಿ ಕೊಡಿಸಿದ, ಬೇಡವೆಂದರೂ ಇನ್ನೊಂದು. ತಾಯಿ ರುದ್ರಾಣಮ್ಮನನ್ನು ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿದ, ಎಲೆ ಅಡಿಕೆ ಕೊಟ್ಟು ಅಜ್ಜಿಯರ ಹತ್ತಿರ ನಾಲ್ಕು ಒಳ್ಳೆಯ ಮಾತಾಡಲಿ ಎಂದು. ಹನ್ನೊಂದಾದರೆ ರುದ್ರಾಣಮ್ಮ ಬಸವಣ್ಣನ ಗುಡಿಗೆ ಒಮ್ಮೆ ಹೋಗಿಬರುತ್ತಿದ್ದರು. ಮಿಕ್ಕಂತೆ ಅಲ್ಲಾಡುತ್ತಿರಲಿಲ್ಲ.

ಮುದುಕಿಯರೆಂದರೆ ಷಡಕ್ಷರಿಗೆ ಅಸಹ್ಯ. ಮೂರು ಗಂಟೆ ಹೊತ್ತು ಬಸ್ಸಿನಲ್ಲಿ ಕುಲುಕಿ ಬಂದು “ಮಗಾ, ಹಿಂದ್ಗಡೆ ಕಕ್ಕಸು ಇದೆಯಾ?” ಎಂದು ಪಿಸುಗುಡುತ್ತಿದ್ದರು.

“ಇದು ಜವಳಿ ಅಂಗಡಿ ಅಜ್ಜೀ, ಬಸ್‌ಸ್ಟ್ಯಾಂಡಲ್ಲ.”

ಟೈಲ್ಸ್ ಹಾಕಿಸಿದ ಕಕ್ಕಸಿನ ಬೀಗದ ಕೈ ಅವನ ಉಡಿದಾರದಲ್ಲೇ ಇತ್ತು. ಒಬ್ಬರಿಗೆ ತೆಗೆದರೆ ಊರಿಗೇ ತೆಗೆದ ಹಾಗೆ ಎಂಬುದು ಅವನ ಕಾನೂನು. ಅದರಲ್ಲಿ ನೆಂಟರಿಷ್ಟರೆಂಬ ಭೇದವಿರಲಿಲ್ಲ.

ಒಳಗಿನವರೇ ಯಾರೋ ಗಿರಾಕಿಗಳ ಕಿವಿ ಕಚ್ಚುತ್ತಿದ್ದಾರೆ! ಸೀರೆ ಬಿಚ್ಚಿ ತೋರಿಸುವ ಬೊಮ್ಮಯ್ಯನ ಮೇಲೆ ಅವನ ಕಣ್ಣು ಬಿತ್ತು.

“ಲಕ್ಕಯ್ಯನಿಂದ ಎಷ್ಟು ತಿಂದ್ಯೋ?”

“ದೇವರಾಣೆ ಇಲ್ಲ ಸಾವ್ಕಾರ್ರೇ. ಅಜ್ಜೀರು ಹೋಗೋವಾಗ ಅಮ್ಮೋರ ಕೈ ಹಿಡ್ಕೊಂಡು ನಗ್ತಾ ಹೋಗ್ತಾರೆ. ನಾ ಕಂಡಿದ್ದು ಅಷ್ಟೇ.”

“ನಮ್ಮಮ್ಮನ ಹೆಸ್ರು ಎತ್ಬೇಡ! ನಾಳೆಯಿಂದ ಬರ್ಬೇಡ.”

ಹದಿನಾಲ್ಕು ವರ್ಷ ದುಡಿದವನು ಚೀಲ ತಗುಲಿಸಿಕೊಂಡು ಹೊರಟುಹೋದ.

ಮರುದಿನ ಕಳಸದ ಪಾರ್ಟಿ ಬಂತು. ಕೂತಿತು, ಎರಡೆರಡು ಲೋಟ ಕಾಫಿ ಕುಡಿಯಿತು, ಎದ್ದಿತು. ಬೊಮ್ಮಯ್ಯನಿಲ್ಲದೆಯೂ! ಷಡಕ್ಷರಿಗೆ ತಲೆ ಕೆಟ್ಟಿತು. ಅಂಗಡಿಯನ್ನು ಹಾಗೇ ಬಿಟ್ಟು ಅವರ ಬೆನ್ನು ಹತ್ತಿದ. ಬಾಗಿಲ ಕುರ್ಚಿ ಆಗಲೇ ಖಾಲಿಯಾಗಿತ್ತು. ಹನ್ನೊಂದು ಹೊಡೆದಿತ್ತು, ಗುಡಿಯ ಹೊತ್ತು.

ಕಳಸದ ಅಜ್ಜಿ ಲಕ್ಕಯ್ಯನ ಸೀರೆಗಳ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಹಿತ್ತಿಲಿಗೆ ನಡೆದರು. ಅಲ್ಲೊಂದು ತಗಡಿನ ಬಾಗಿಲು. ಅದರ ಮುಂದೆ ಇನ್ನೂ ಇಬ್ಬರು ಮುದುಕಿಯರು. ಥೂ, ಇಷ್ಟಕ್ಕೇನಾ ಎಂದು ಷಡಕ್ಷರಿ ಮೂಗು ಮುಚ್ಚಿಕೊಂಡ. ಅಷ್ಟರಲ್ಲಿ ಒಳಗಿನಿಂದ ಚಿಲಕ ಸರಿಯಿತು.

ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಬಂದವರು ರುದ್ರಾಣಮ್ಮ. “ನಾ ಹೇಳಿರ್ಲಿಲ್ವಾ ಅಕ್ಕಾ? ನೀರಿದೆ, ಹಿಡ್ಕೊಂಡು ಏಳಕ್ಕೆ ಹಗ್ಗಾನೂ ಕಟ್ಟಿದಾನೆ ಪುಣ್ಯಾತ್ಮ. ಹೋಗ್ಬನ್ನಿ. ನನ್ ಮಗನ ಅಂಗಡಿಗೆ ಬಂದೋರ್ನೆಲ್ಲ ನಾನೇ ಇಲ್ಲಿಗೆ ಕಳ್ಸೋದು.”