ಹೆಣದ ಎಡಗಾಲಿನ ಬೂಟು

ವೆಂಡೆಲ್ ಸತ್ತುಬಿದ್ದು ಇನ್ನೂ ಅರ್ಧ ನಿಮಿಷ ಆಗಿರಲಿಲ್ಲ, ಕಿವಿಯ ಹತ್ತಿರ ಯಾರೋ ಅವನ ನಿಜವಾದ ಹೆಸರು ಹಿಡಿದು ಕರೆದರು. ಫೋರ್ಟ್ ವರ್ತ್‌ನ ಹಳೇ ದನದ ಸಂತೆಯ ಬೀದಿಯಲ್ಲಿ ಅವನ ಹೆಸರು ಯಾರಿಗೆ ಬೇಕು? ಅಲ್ಲಿಯ ಬೀದಿನಾಟಕದಲ್ಲಿ ಅವನು ಬ್ಯಾಂಕು ದೋಚಿದ ಕಳ್ಳ. ದಿನಾ ಊರ ಪೊಲೀಸು ಶೆರೀಫನ ಹುಸಿಗುಂಡು ತಿಂದು, ಎದೆ ಹಿಡಿದುಕೊಂಡು ಗಿರಗಿರ ತಿರುಗಿ, ಇಟ್ಟಿಗೆ ಹಾಸಿನ ಮೇಲೆ ದೊಪ್ಪೆಂದು ಬೀಳುತ್ತಾನೆ. ನೋಡಲು ಬಂದ ಪ್ರವಾಸಿಗಳು ಚಪ್ಪಾಳೆ ತಟ್ಟುತ್ತಾರೆ. ಎಷ್ಟೋ ವರ್ಷದಿಂದ ಇದೇ ಹೊಟ್ಟೆಪಾಡು.

"ಕಣ್ಣು ಬಿಡಬೇಡ ವೆಂಡೆಲ್. ನಾನು, ಲರ್ಲೀನ್."

ಬೇಡ ಅನ್ನದಿದ್ದರೂ ಅವನು ಬಿಡುತ್ತಿರಲಿಲ್ಲ. ಅಷ್ಟು ಧೈರ್ಯ ಎಲ್ಲಿತ್ತು? ಲರ್ಲೀನ್ ಪಕ್ಕದ ರಾಜ್ಯ ಒಕ್ಲಹೋಮಾದವಳು, ಸ್ಕೂಲ್ ಬಸ್ ಓಡಿಸುವ ವಿಧವೆ. ಹಿಂದೊಮ್ಮೆ ಖಾರದ ಸಾರು ಕಾಯಿಸುವ ಪಂದ್ಯದಲ್ಲಿ ಪರಿಚಯವಾಗಿದ್ದಳು. ಇವನು ಅವಳೆದುರು ಕಾಲ ಮೇಲೆ ಕಾಲು ಹಾಕಿಕೊಂಡು, ತನಗೆ ಇನ್ನೂರು ದನ, ಕಣ್ಣು ಹಾಯುವಷ್ಟು ಹುಲ್ಲುಗಾವಲು ಇದೆ ಎಂದು ಬುರುಡೆ ಬಿಟ್ಟಿದ್ದ. ಆಮೇಲೆ ಫೋನಿನಲ್ಲಿ ದನಗಳನ್ನು ಇನ್ನಷ್ಟು ಬೆಳೆಸಿದ. ಮದುವೆ ಆಗೋಣ ಅಂದವನೂ ಅವನೇ. ಅವಳು ನೋಡಲು ಬರುತ್ತೇನೆ ಅಂದಾಗಲೆಲ್ಲ ಇಲ್ಲಿ ಒಂದು ಹಸು ಈಯುತ್ತಿತ್ತು. ಈಗ ನೋಡಿದರೆ, ಚರ್ಚಿನ ಹೆಂಗಸರ ಪ್ರವಾಸದ ಬಸ್ಸು ಹತ್ತಿಕೊಂಡು ಹೇಳದೆ ಕೇಳದೆ ಬಂದಿಳಿದಿದ್ದಾಳೆ.

ಎದ್ದು ಕಾಲಿಗೆ ಬೀಳೋಣವೆಂದರೆ ಅದೂ ಆಗದು. ಹೋದ ಬೇಸಿಗೆಯಲ್ಲಿ ಒಂದು ಹೆಣ ಸೀನಿತೆಂದು ಯಜಮಾನ ಅವತ್ತೇ ಅದನ್ನು ಕೆಲಸದಿಂದ ತೆಗೆದಿದ್ದ. ಆ ಯಜಮಾನ ಈಗ ಬಾರಿನ ಜಗಲಿಯ ಮೇಲೆ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದಾನೆ. ಶವಪೆಟ್ಟಿಗೆ ಮಾಡುವವನ ವೇಷದ ಕ್ಲೀಟಸ್ ಬಂದು, ಟೇಪು ಹಿಡಿದು ಅಳತೆ ತೆಗೆದು, ಎಳೆದುಕೊಂಡು ಹೋಗುವ ತನಕ ಹೆಣ ಹೆಣವಾಗಿಯೇ ಇರಬೇಕು.

ಲರ್ಲೀನ್ ಕರವಸ್ತ್ರ ತೆಗೆದು, ಬೀದಿಗೆಲ್ಲ ಕೇಳುವಂತೆ "ಅಯ್ಯೋ ನನ್ನ ರಾಜ, ನನ್ನ ಕೈಬಿಟ್ಟು ಹೋದೆಯಲ್ಲೋ" ಎಂದು ಅತ್ತಳು. ಇವಳೂ ಆಟದವಳೇ ಎಂದುಕೊಂಡ ಜನ ಚಪ್ಪಾಳೆ ತಟ್ಟಿದರು. ಜಗಲಿಯ ಯಜಮಾನನೂ ತಲೆದೂಗಿದ. ಕ್ಲೀಟಸ್ ಮಾತ್ರ ಬಗ್ಗಿ ಮೆಲ್ಲಗೆ ಕೇಳಿದ.

"ಯಾರಮ್ಮ ನೀನು?"

"ಇವನ ಹೆಂಡ್ತಿ ಆಗ್ಬೇಕಾಗಿದ್ದೋಳು. ಎರಡು ಮಾತು ಕೇಳ್ಬೇಕು, ಸ್ವಲ್ಪ ತಡಕೊಳಪ್ಪ."

"ನಿಧಾನಕ್ಕೆ ಕೇಳಮ್ಮ. ಇವನೆಲ್ಲಿಗೆ ಹೋಗ್ತಾನೆ?"

ಅವಳು ಅವನ ಕಾಲ ಬುಡಕ್ಕೆ ಸರಿದು, ಬೂಟು ಜಗಲಿಗೆ ಕಾಣದ ಹಾಗೆ ಲಂಗ ಹರಡಿಕೊಂಡು ಕೂತಳು. ಬೀದಿಯ ತುದಿಯಲ್ಲಿ ಗೊರಸಿನ ಸದ್ದು. ಕುದುರೆ ಸವಾರರು ಉದ್ದಕೊಂಬಿನ ದನಗಳನ್ನು ದಿನದಂತೆ ಮೆರವಣಿಗೆ ಹೊರಡಿಸಿದ್ದರು.

"ಅಕೋ, ದನ ಬರ್ತಿವೆ. ನೀನು ಕಳಿಸಿದ್ದ ಫೋಟೋದಲ್ಲಿ ಹಲ್ಲು ಕಿರ್ಕೊಂಡು ನಿಂತಿದ್ದು ಇವುಗಳ ಮುಂದೇನೇ ಅಲ್ವೇನೋ? ಕೇಳಿಸ್ಕೊ. ಹೌದಾದ್ರೆ ಎಡಗಾಲಿನ ಬೂಟು ಅಲ್ಲಾಡ್ಸು, ಇಲ್ಲ ಅಂದ್ರೆ ಸುಮ್ನಿರು. ಇದ್ರಲ್ಲಿ ಒಂದಾದ್ರೂ ನಿಂದಾ?"

ಬೂಟು ಸುಮ್ಮನಿತ್ತು.

"ಹುಲ್ಲುಗಾವಲು?"

ಸುಮ್ಮನಿತ್ತು.

"ಮನೆ ಅಂತಾದ್ರೂ ಇದೆಯಾ?"

ಬೂಟು ಸ್ವಲ್ಪ ಯೋಚನೆ ಮಾಡಿ, ಅಲ್ಲಾಡಿತು.

"ಚಕ್ರದ ಮೇಲೆ ನಿಂತಿರೋ ಗಾಡಿಮನೇನಾ?"

ಮತ್ತೆ ಅಲ್ಲಾಡಿತು.

"ಅದರೊಳಗೆ ಬೇರೆ ಯಾವಳಾದ್ರೂ ಇದಾಳಾ?"

ಬೂಟು ಕಲ್ಲಾಯಿತು.

"ಹೊತ್ತಾಯ್ತು ಕಣಮ್ಮ," ಎಂದ ಕ್ಲೀಟಸ್. "ದನ ಇಲ್ಲಿಗೆ ಬಂದ್ರೆ ನಾನು ನಿಜವಾಗ್ಲೂ ಪೆಟ್ಟಿಗೆ ಮಾಡ್ಬೇಕಾಗುತ್ತೆ."

"ಇದೊಂದೇ. ವೆಂಡೆಲ್, ನನ್ನ ಬಸ್ಸು ಹೊರಡೋಕೆ ನಿಂತಿದೆ. ಹತ್ತಿ ಹೋಗ್ಬಿಡ್ಲಾ? ಹೋಗು ಅನ್ನೋದಾದ್ರೆ ಅಲ್ಲಾಡ್ಸು."

ಅದೇ ಗಳಿಗೆಯಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಬಿದ್ದ ರಭಸಕ್ಕೋ, ಹೆದರಿಕೆಗೋ, ಮಾಂಸ ಗಂಟುಕಟ್ಟಿಕೊಂಡು ಬೂಟಿನ ತುದಿಯವರೆಗೂ ಸೆಳೆಯಿತು. ಒಂದು ಸಲ ಒದ್ದರೆ ಸಾಕು, ಪ್ರಾಣ ಹಗುರಾಗುತ್ತದೆ. ಒದ್ದರೆ ಲರ್ಲೀನ್ ಬಸ್ಸು ಹತ್ತುತ್ತಾಳೆ. ವೆಂಡೆಲ್ ಹಲ್ಲು ಕಚ್ಚಿದ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಕಿತ್ತುಕೊಂಡು ಬಂದು ಕಿವಿಯೊಳಗೆ ಇಳಿಯಿತು. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಸತ್ತಿರಲಿಲ್ಲ. ಬೂಟು ಮಿಸುಕಲಿಲ್ಲ.

ಲರ್ಲೀನ್ ಆ ಕಣ್ಣೀರನ್ನು ನೋಡಿದಳು. ಅದಕ್ಕೆ ಬೇರೆಯೇ ಅರ್ಥ ಮಾಡಿಕೊಂಡಳು. ಅವನು ಮುಂದೆಂದೂ ಅದನ್ನು ತಿದ್ದಲು ಹೋಗಲಿಲ್ಲ.

"ಅಳಬೇಡ್ವೋ ಸುಳ್ಳ," ಅಂದಳು, ಕರವಸ್ತ್ರದಲ್ಲಿ ಅವನ ಕೆನ್ನೆ ಒರೆಸುತ್ತ. "ಮದುವೆ ಆದ್ಮೇಲೆ ನಾನೇನಾದ್ರೂ ಕೇಳಿದಾಗೆಲ್ಲ ಹೀಗೇ ಸತ್ತು ಮಲಕ್ಕೊ. ಬದುಕಿರೋವಾಗ ನಿನ್ನ ಬಾಯಿಂದ ಒಂದು ನಿಜಾನೂ ಹೊರಡಲ್ಲ."

ಕ್ಲೀಟಸ್ ಹೆಣದ ನೆತ್ತಿಯಿಂದ ಹಿಮ್ಮಡಿಯವರೆಗೆ ಟೇಪು ಎಳೆದ. ಲರ್ಲೀನ್ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ತುದಿಯನ್ನು ತನ್ನ ಉಂಗುರದ ಬೆರಳಿಗೆ ಸುತ್ತಿದಳು.

ಹೆಣ ಒಂದು ಕಣ್ಣು ತೆರೆದು ಅಳತೆ ನೋಡಿತು.