ಏಳು ಪ್ಲಸ್ ನಲವತ್ತರ ಗುಡ್ಡ

“ಅಲ್ಲಮ್ಮ, ನಮ್ಮ ಹನ್ನೊಂದು ಕಿಲೋಮೀಟರ್ ರಸ್ತೆ ಹನ್ನೊಂದೇ ಮೀಟರಿಗೆ ಮುಗಿದುಹೋಯ್ತಲ್ಲ!” ಪ್ರಿಂಟರಿನಿಂದ ಆಗಷ್ಟೇ ಹೊರಬಂದ ಹಾಳೆಯ ಕೊನೆಯ ಸಾಲಿನ ಮೇಲೆ ಜಯಸಿಂಹ ಪೆನ್ಸಿಲ್ ಊರಿದರು. “ದಹಿಸರ್‌ನಲ್ಲೇ ಶುರು, ದಹಿಸರ್‌ನಲ್ಲೇ ಮುಕ್ತಾಯ. ರಿಕ್ಷಾದವನಿಗೆ ಮೀಟರ್ ಹಾಕೋಕೂ ಪುರಸೊತ್ತಿಲ್ಲ.”

ವಿನೋದಿನಿ ನಾಲಿಗೆ ಕಚ್ಚಿಕೊಂಡಳು. ಮುಂಬೈಯ ಸಾಂತಾಕ್ರೂಜ್‌ನ ಆ ರಸ್ತೆ ವಿನ್ಯಾಸದ ಕಚೇರಿಯಲ್ಲಿ ಅವಳು ಕಂಪ್ಯೂಟರ್ ಆಪರೇಟರ್ ಆಗಿ ಎಂಟು ತಿಂಗಳಾಗಿತ್ತು. ರಸ್ತೆ ಹಾದುಹೋಗುವ ನೆಲದ ಏರುತಗ್ಗುಗಳೆಲ್ಲ ವಿನ್ಯಾಸದ ಪ್ರೋಗ್ರಾಮಿನಲ್ಲಿದ್ದವು. ಅವನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಸಂಜೆ ಐದರೊಳಗೆ ಫ್ಲಾಪಿಯಲ್ಲಿ ಕೊಡಿ ಎಂದು ರಸ್ತೆ ಮಾಡಿಸುವವರು ಕೇಳಿದ್ದರು. ಹಿಂದಿನ ಸಲ ಜಯಸಿಂಹ ಒಂದೊಂದೇ ಅಂಕಿ ಓದಿದ್ದರು, ಅವಳು ಟೈಪ್ ಮಾಡಿದ್ದಳು. ಎರಡು ದಿನ ಹಿಡಿದಿತ್ತು. ಪ್ರೋಗ್ರಾಮ್ ತಾನೇ ಅಂಕಿಗಳನ್ನೆಲ್ಲ ಒಂದು ಫೈಲಿಗೆ ಬರೆದುಕೊಡುತ್ತದೆ, ಸ್ಪ್ರೆಡ್‌ಶೀಟ್ ಅದನ್ನು ನೇರವಾಗಿ ಓದಿಕೊಳ್ಳುತ್ತದೆ ಎಂಬುದನ್ನು ಈ ಸಲ ವಿನೋದಿನಿ ಕಂಡುಹಿಡಿದಿದ್ದಳು. “ಹತ್ತೇ ಮಿನಿಟ್ ಸರ್!” ಎಂದು ಹೇಳಿಕೊಂಡೂ ಇದ್ದಳು. ಲೆವೆಲ್ ಉಪಕರಣ ಹಿಡಿದು ಏಪ್ರಿಲ್-ಮೇ ಬಿಸಿಲಲ್ಲಿ ನಲವತ್ತು ದಿನ ಆ ನೆಲ ಅಳೆದ ಸರ್ವೇಯರ್ ಜಯಸಿಂಹ. ಆ ಹತ್ತು ನಿಮಿಷ ಅವರಿಗೆ ಚುಚ್ಚಿತ್ತು.

“ಅರೆ, ಪ್ಲಸ್!” ವಿನೋದಿನಿ ಹಣೆ ಬಡಿದುಕೊಂಡಳು. ಏಳು ಕಿಲೋಮೀಟರ್ ನಲವತ್ತು ಮೀಟರ್ ದೂರವನ್ನು ಸರ್ವೆಯವರು ೭+೦೪೦ ಎಂದು ಬರೆಯುತ್ತಾರೆ. ಸ್ಪ್ರೆಡ್‌ಶೀಟ್ ಪ್ಲಸ್ ಕಂಡಿದ್ದೇ ತಡ, ಏಳನ್ನೂ ನಲವತ್ತನ್ನೂ ಕೂಡಿಸಿ ನಲವತ್ತೇಳು ಮಾಡಿಟ್ಟಿತ್ತು. ಕೊನೆಯ ೧೧+೦೦೦ ಬರೀ ಹನ್ನೊಂದಾಗಿತ್ತು.

“ಜಾಣ ಮಗು ನಿನ್ನ ಕಂಪ್ಯೂಟರ್. ಒಂದನೇ ಕ್ಲಾಸ್ ಪಾಸು” ಎಂದು ಜಯಸಿಂಹ ನಕ್ಕರು.

ವಿನೋದಿನಿ ಪ್ಲಸ್‌ಗಳನ್ನೆಲ್ಲ ಕಿತ್ತು, ದೂರವನ್ನು ಮೀಟರಿನಲ್ಲಿ ಕೊಟ್ಟು, ಮತ್ತೆ ಓದಿಸಿದಳು. ಇಪ್ಪತ್ತು ಮೀಟರಿಗೊಂದರಂತೆ ಐನೂರ ಐವತ್ತೊಂದು ಸಾಲು ಸರಿಯಾಗಿ ಬಂದು ಕೂತವು. ಉತ್ಸಾಹ ತಡೆಯದೆ ಅವಳು ಅದೇ ಅಂಕಿಗಳಿಂದ ಒಂದು ಗ್ರಾಫನ್ನೂ ಎಳೆಸಿದಳು. ಹನ್ನೊಂದು ನಕ್ಷೆಗಳಲ್ಲಿ ಹಂಚಿಹೋಗಿದ್ದ ನೆಲ ಮೊದಲ ಸಲ ಒಂದೇ ಪರದೆಯ ಮೇಲೆ ಮಲಗಿತ್ತು. ನಡುವೆ ಒಂದೇ ಒಂದು ಕಡೆ ಮೊಳೆಯ ಹಾಗೆ ಏನೋ ಎದ್ದು ನಿಂತಿತ್ತು.

“ಇದು ಯಾವ ಗುಡ್ಡ ಮಾರಾಯ್ರೆ? ನಾನು ದಹಿಸರ್‌ನಲ್ಲೇ ಹುಟ್ಟಿದ್ದು. ಆ ಕಡೆ ಬರೀ ಉಪ್ಪಿನ ಗದ್ದೆ, ಏಕ್‌ದಮ್ ಸಪಾಟ್.”

“ನಿನ್ನ ಕಂಪ್ಯೂಟರ್ ಮತ್ತೇನೋ ಕೂಡಿಸಿರಬೇಕು, ತಡಿ” ಎಂದು ಜಯಸಿಂಹ ನೆಲದ ಎತ್ತರಗಳನ್ನು ಬರೆದಿಟ್ಟ ಲೆವೆಲ್ ಪುಸ್ತಕ ತೆರೆದರು. ಏಳು ಪ್ಲಸ್ ನಲವತ್ತು. ಅಕ್ಕಪಕ್ಕಕ್ಕಿಂತ ಎರಡೂವರೆ ಮೀಟರ್ ಎತ್ತರ. ಅಕ್ಷರ ಅವರದೇ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು.

“ಅವತ್ತು ಕಾಂತಪ್ಪ ಹೊಸ ಚಪ್ಪಲಿ ಹಾಕ್ಕೊಂಡು ಬಂದಿದ್ದ.”

ಅಳತೆಯ ಕೋಲು ಹಿಡಿದು ನಿಲ್ಲುವುದು ಕಾಂತಪ್ಪನ ಕೆಲಸ. ದೂರದ ಎತ್ತರದ ಒಡ್ಡಿನ ಮೇಲೆ ಕೊಡೆಯ ಕೆಳಗೆ ನಿಂತ ಜಯಸಿಂಹರಿಗೆ ದುರ್ಬೀನಿನಲ್ಲಿ ಕಂಡದ್ದು ಕೋಲು ಮಾತ್ರ. ಚಪ್ಪಲಿ ಕೆಸರಾಗದ ಹಾಗೆ ಕಾಂತಪ್ಪ ಹತ್ತಿ ನಿಂತದ್ದು ಉಪ್ಪಿನ ರಾಶಿ!

ವಿನೋದಿನಿ ಕಿಸಕ್ಕನೆ ನಕ್ಕವಳು, ಅವರ ಮುಖ ನೋಡಿ ಕೀಬೋರ್ಡಿನತ್ತ ಬಾಗಿದಳು. “ಸರ್, ಇಲ್ಲಿ ಒಂದು ಅಂಕಿ ಬದ್ಲಿಸಿದರೆ ಆಯ್ತಲ್ಲ? ಕಿಸೀಕೋ ಗೊತ್ತಾಗುದಿಲ್ಲ.”

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಅವರ ಲೆವೆಲ್ ಪುಸ್ತಕದಲ್ಲಿ ಒಬ್ಬರೂ ತಪ್ಪು ಹುಡುಕಿರಲಿಲ್ಲ. ನಿವೃತ್ತಿಗೆ ಇನ್ನು ಮೂರೇ ತಿಂಗಳು. ಆ ಗುಡ್ಡವನ್ನು ಕಡಿದು ರಸ್ತೆ ತೆಗೆಯುವಂತೆ ನಕ್ಷೆಯೂ ತಯಾರಾಗಿ ಅವರ ಸಹಿಯೊಂದಿಗೆ ಪಾಸಾಗಿತ್ತು. ಅವಳ ಬೆರಳು ಆಗಲೇ ಕೀಲಿಯ ಮೇಲಿತ್ತು.

“ಬೇಡಮ್ಮ. ನಾಳೆ ಅಲ್ಲಿ ಯಂತ್ರ ತಂದವರು ಗುಡ್ಡ ಹುಡುಕಿಕೊಂಡು ಅಲೀತಾರೆ. ಆ ಗ್ರಾಫ್ ಪ್ರಿಂಟ್ ಕೊಡು” ಎಂದು ಅವರು ಎದ್ದರು.

ಮುಖ್ಯ ಎಂಜಿನಿಯರ್ ಸತ್ಯಮೂರ್ತಿಯವರ ಕೋಣೆಯಲ್ಲಿ ಜಯಸಿಂಹ ಕೂರದೆ, ನಿಂತೇ ಎಲ್ಲವನ್ನೂ ಹೇಳಿದರು. ಚಪ್ಪಲಿಯ ಸಂಗತಿ ಬಂದಾಗ ದನಿ ಸ್ವಲ್ಪ ಇಳಿಯಿತು. ವಿನೋದಿನಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು.

“ಕಾಂತಪ್ಪನ್ನ ಬೈಯೋ ಹಾಗಿಲ್ಲ ಸರ್. ಅವನು ಎಲ್ಲಿ ನಿಂತಿದಾನೆ ಅಂತ ನೋಡಬೇಕಾದವನು ನಾನು.”

ಸತ್ಯಮೂರ್ತಿ ಗ್ರಾಫನ್ನು ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು ನೋಡಿದರು. ಫೋನ್ ಎತ್ತಿ, ಫ್ಲಾಪಿ ಇವತ್ತಲ್ಲ, ನಾಡಿದ್ದು ಎಂದು ಅತ್ತ ಕಡೆಯವರಿಗೆ ತಿಳಿಸಿದರು.

“ನಾಳೆ ಹೋಗಿ ಮತ್ತೆ ಅಳೆದು ಬನ್ನಿ ಜಯಸಿಂಹ ಅವರೇ. ಈ ಹುಡುಗೀನೂ ಕರ್ಕೊಂಡು ಹೋಗಿ, ಅಂಕಿ ಎಲ್ಲಿಂದ ಬರುತ್ತೆ ಅಂತ ನೋಡಲಿ. ನಕ್ಷೆ ತಿದ್ದಿದ ಕಾಗದಕ್ಕೂ ನೀವೇ ಸಹಿ ಹಾಕಿ.” ಅವರು ಕನ್ನಡಕ ತೆಗೆದರು, ಮೀಸೆಯ ಕೆಳಗೆ ತುಟಿ ಅಲುಗಿತು. “ಅಂದಹಾಗೆ, ನಿಮ್ಮ ಗುಡ್ಡ ಇನ್ನೂ ಅಲ್ಲೇ ಇರುತ್ತೇನ್ರೀ?”

“ಎಲ್ಲಿರುತ್ತೆ ಸರ್” ಎಂದರು ಜಯಸಿಂಹ. “ಮಳೆಗೆ ಮುಂಚೇನೇ ಮೂಟೆ ಕಟ್ಟಿ ಸಾಗಿಸಿರ್ತಾರೆ. ಇಷ್ಟು ಹೊತ್ತಿಗೆ ಇಡೀ ಮುಂಬೈ ಸೇರ್ಕೊಂಡು ಅದನ್ನ ಊಟ ಮಾಡಿ ಮುಗಿಸಿದೆ.”